ನಗೆಟ್ಸ್‌ನಲ್ಲಿ ಕೋಳಿ ಎಷ್ಟು?



ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಕೋಳಿ ಕೊಳ್ಳುವವರು ಅಂಗಡಿಯವನ ಕತ್ತಿಯ ಮುಂದೆಯೇ ನಿಂತು, ಇಂಥ ತುಂಡೇ ಬೇಕೆಂದು ಹೇಳಿ ಕೊಯ್ಯಿಸುತ್ತಾರೆ. ಫ್ರೀಜರ್‌ನಿಂದ ತೆಗೆದ ನಗೆಟ್ಸ್ ಪ್ಯಾಕೆಟ್ಟಿನ ಬಗ್ಗೆ ಮಾತ್ರ ಯಾರ ತಕರಾರೂ ಇಲ್ಲ.

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ವೈದ್ಯರು ಎರಡು ಫಾಸ್ಟ್‌ಫುಡ್ ಮಳಿಗೆ ಸರಣಿಗಳ ನಗೆಟ್ಸ್ ತರಿಸಿ, ಸೂಕ್ಷ್ಮದರ್ಶಕದಡಿ ಇಟ್ಟು ನೋಡಿ, 2013ರಲ್ಲಿ ವರದಿ ಪ್ರಕಟಿಸಿದರು. ಒಂದರಲ್ಲಿ ಮಾಂಸಖಂಡ ಅರ್ಧದಷ್ಟು, ಇನ್ನೊಂದರಲ್ಲಿ ಶೇ 40ರಷ್ಟು. ಉಳಿದದ್ದು ಕೊಬ್ಬು, ರಕ್ತನಾಳ, ನರ, ಮೃದ್ವಸ್ಥಿ, ಮೂಳೆಚೂರು. ಎರಡೇ ತುಂಡು ನೋಡಿ ಎಲ್ಲ ಕಂಪನಿಗಳನ್ನೂ ದೂರುವಂತಿಲ್ಲ, ನಿಜ. ಇದು ವಿಷವೂ ಅಲ್ಲ. ಆದರೆ ಕೋಳಿಮಾಂಸವೆಂದು ದುಡ್ಡು ಕೊಟ್ಟವರಿಗೆ ಸಿಕ್ಕಿದ್ದು ಅರೆಬರೆ ಮಾಂಸ.

ನಮ್ಮಲ್ಲಿ ಬೀದಿಯ ಕಬಾಬ್ ಮೇಲೆ ರಾಜ್ಯ ಸರ್ಕಾರದ ಕಣ್ಣು ಬಿದ್ದಿದೆ. 2024ರಲ್ಲಿ 39 ಮಾದರಿ ಪರೀಕ್ಷಿಸಿದಾಗ 8ರಲ್ಲಿ ಕೃತಕ ಬಣ್ಣ ಪತ್ತೆಯಾಯಿತು. ಅದೇ ವರ್ಷ ಜೂನ್‌ನಲ್ಲಿ ರಾಜ್ಯದಾದ್ಯಂತ ಕಬಾಬ್‌ಗೆ ಕೃತಕ ಬಣ್ಣ ಹಾಕುವುದಕ್ಕೆ ನಿಷೇಧ ಬಂತು.

ನಗೆಟ್ಸ್‌ಗೂ ಅದೇ ಶ್ರದ್ಧೆ ಬೇಕು. ಮಾಂಸದ ಪಾಲು ಶೇಕಡಾ ಎಷ್ಟೆಂದು ಪೊಟ್ಟಣದ ಮುಂಭಾಗದಲ್ಲೇ, ಕನ್ನಡದಲ್ಲಿ ಅಚ್ಚಾಗಲಿ. ಅಲ್ಲಿಯವರೆಗೆ ಕೊಳ್ಳುವವರು ಹಿಂಬದಿಯ ಸಣ್ಣಕ್ಷರದ ಪಟ್ಟಿಯನ್ನಾದರೂ ಓದಬೇಕು: ತೂಕದಲ್ಲಿ ಹೆಚ್ಚಿರುವ ಪದಾರ್ಥದ ಹೆಸರು ಅಲ್ಲಿ ಮೊದಲು ಬರುತ್ತದೆ.

— ಓದುಗ, ಓಲ್ಡ್ ಟೌನ್, ಭದ್ರಾವತಿ