ಮಣಿಕಟ್ಟಿನ ಮೇಲಿನ ವೈದ್ಯ

ಕಳೆದ ತಿಂಗಳು ಸಣ್ಣ ಈರುಳ್ಳಿಯ ಬೆಲೆಯ ಮಾತನ್ನಾಡಿ, ಈ ಸಲ ಮಕ್ಕಳ ರಜೆಯ ಓದಿನ ಕುರಿತು ಬರೆಯುವೆವೆಂದು ವಾಚಕರಿಗೆ ಮಾತು ಕೊಟ್ಟಿದ್ದೆವು. ಆ ಮಾತನ್ನು ಮುಂದಕ್ಕೆ ಹಾಕಬೇಕಾಗಿದೆ. ನಮ್ಮ ನೆರೆಯ ಹಿರಿಯರೊಬ್ಬರಿಗೆ ಬಂದ ಎದೆನೋವು ಅದಕ್ಕೆ ಕಾರಣ. ಅವರ ಅಪ್ಪಣೆ ಪಡೆದೇ ಇದನ್ನು ಬರೆಯುತ್ತಿದ್ದೇವೆ. ಹೆಸರು ಮಾತ್ರ ಬೇಡವೆಂದರು. ಗೌಡರೆಂದು ಕರೆದರೆ ಸಾಕು.

ತೊಂಡಾಮುತ್ತೂರಿನಿಂದ ನರಸೀಪುರದ ಕಡೆಗೆ ಹೋಗುವ ದಾರಿಯಲ್ಲಿ ಗೌಡರ ಅಡಿಕೆ ತೋಟವಿದೆ. ನಮ್ಮವರೆಲ್ಲರಂತೆ ಅವರಿಗೂ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು. ವಯಸ್ಸು 68. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಕಳೆದ ದೀಪಾವಳಿಗೆ ಬಂದಾಗ ತಂದೆಯ ಕೈಗೊಂದು ಸ್ಮಾರ್ಟ್‌ವಾಚ್ ಕಟ್ಟಿ ಹೋದನು. ನಾಡಿ, ಆಮ್ಲಜನಕ, ನಿದ್ದೆ, ನಡಿಗೆ ಎಲ್ಲವನ್ನೂ ಅದು ಅಳೆಯುತ್ತದೆಂದೂ, ಅಂಕಿಗಳು ತನ್ನ ಫೋನಿಗೂ ಬರುತ್ತವೆಂದೂ ಹೇಳಿದ್ದನು. ದೂರದಲ್ಲಿರುವ ಮಗನಿಗೆ ತಂದೆಯ ಮೇಲಿರುವ ಅಕ್ಕರೆಯನ್ನು ನಾವು ಹಳಿಯಲಾರೆವು. ಗೌಡರಂತೂ ಸಿಕ್ಕವರಿಗೆಲ್ಲ ಅದನ್ನು ತೋರಿಸಿ, “ನೋಡಿ ವಾಧ್ಯಾರೇ, ಡಾಕ್ಟರು ಈಗ ನನ್ನ ಕೈಯಲ್ಲೇ ಇದ್ದಾರೆ” ಎನ್ನುತ್ತಿದ್ದರು.

ಅಂದು ಬೆಳಗಿನ ಐದು ಗಂಟೆಗೆ ತೋಟಕ್ಕೆ ನೀರು ಬಿಡಲು ಹೋದಾಗ ಅವರಿಗೆ ಎದೆಯ ಮೇಲೆ ಕಲ್ಲಿಟ್ಟಂತಾಯಿತು. ಎಡತೋಳು ಜಗ್ಗಿತು. ಮೈ ಬೆವರಿತು. ಅವರು ಕೈಗಡಿಯಾರ ನೋಡಿದರು. ನಾಡಿ 78, ಆಮ್ಲಜನಕ 97. ಮನೆಗೆ ಬಂದು ಮಲಗಿದರು. ಮಗನಿಗೆ ಫೋನು ಹೋಯಿತು. ಅವನೂ ತನ್ನ ಫೋನಿನಲ್ಲಿ ಅದೇ ಅಂಕಿಗಳನ್ನು ನೋಡಿ, “ಎಲ್ಲ ಸರಿಯಾಗಿದೆಯಪ್ಪ, ವಾಯುವಿರಬೇಕು, ಜೀರಿಗೆ ನೀರು ಕುಡಿಯಿರಿ” ಎಂದನು. ಒಂಬತ್ತರ ಸುಮಾರಿಗೆ ನಾವು ಶಾಲೆಗೆ ಹೊರಟಿದ್ದಾಗ ಅವರ ಮನೆಯವರು ಬಾಗಿಲಲ್ಲಿ ನಿಂತು ನಮ್ಮನ್ನು ಕೂಗಿದರು. ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಒಳಗೆ ಹೋದೊಡನೆ ನಾವು ನೋಡಿದ್ದು ಗೌಡರ ಮುಖವನ್ನಲ್ಲ, ಗಡಿಯಾರವನ್ನು. ಮುಖ ಬೂದಿಬಣ್ಣಕ್ಕೆ ತಿರುಗಿದ್ದು ಕಣ್ಣಿಗೆ ಬಿದ್ದದ್ದು ಆಮೇಲೆ. 108ಕ್ಕೆ ಕರೆ ಮಾಡಿದೆವು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳವೊಂದು ಮುಚ್ಚಿದೆಯೆಂದು ಕಂಡುಹಿಡಿದು ಅದನ್ನು ತೆರೆದರು. ಜೀವ ಉಳಿಯಿತು. ಆದರೆ ನಾಲ್ಕು ಗಂಟೆಗಳ ಕಾಲ ರಕ್ತವಿಲ್ಲದೆ ಒಣಗಿದ ಸ್ನಾಯುವಿನ ಭಾಗ ಮರಳಿ ಬರಲಿಲ್ಲ.

ಹಾಗಾದರೆ ಗಡಿಯಾರ ಸುಳ್ಳು ಹೇಳಿತೇ? ಇಲ್ಲ. ನಾಡಿ ನಿಜವಾಗಿ 78 ಇದ್ದಿರಬಹುದು, ಆಮ್ಲಜನಕವೂ 97 ಇದ್ದಿರಬಹುದು. ಹೃದಯಾಘಾತವಾಗುತ್ತಿರುವಾಗಲೂ ಈ ಎರಡೂ ಅಂಕಿಗಳು ಸರಿಯಾಗಿರುವುದುಂಟು. ಮುಚ್ಚಿದ ನಾಳದ ಸುಳಿವನ್ನು ಕಾಣಲು ವೈದ್ಯರು ದೇಹದ ಹಲವು ಕಡೆ ತಂತಿ ಜೋಡಿಸಿ, ಹೃದಯವನ್ನು 12 ದಿಕ್ಕಿನಿಂದ ನೋಡುವ ಇ.ಸಿ.ಜಿ. ತೆಗೆಯುತ್ತಾರೆ, ರಕ್ತವನ್ನೂ ಪರೀಕ್ಷಿಸುತ್ತಾರೆ. ಬೆಲೆಬಾಳುವ ಕೆಲವು ಗಡಿಯಾರಗಳಲ್ಲಿ ಇ.ಸಿ.ಜಿ. ಇದೆಯಾದರೂ ಅದು ಒಂದೇ ದಿಕ್ಕಿನ ನೋಟ. ಹೃದಯಾಘಾತವನ್ನು ಇದು ಪತ್ತೆಮಾಡಲಾರದೆಂದು ಆಪಲ್ ಕಂಪೆನಿಯೇ ತನ್ನ ಗಡಿಯಾರದ ಬಗ್ಗೆ ಹೇಳಿಕೊಂಡಿದೆ. ಗೌಡರು ಕೇಳಿದ್ದು ಒಂದು ಪ್ರಶ್ನೆ, ಗಡಿಯಾರ ಉತ್ತರಿಸಿದ್ದು ಮತ್ತೊಂದಕ್ಕೆ. ಪರೀಕ್ಷೆಯಲ್ಲಿ ಇಂಥ ಉತ್ತರ ಪತ್ರಿಕೆಗಳನ್ನು ನಾವು ಮೂವತ್ತು ವರ್ಷಗಳಿಂದ ತಿದ್ದುತ್ತ ಬಂದಿದ್ದೇವೆ. ಅಂದು ಮಾತ್ರ ಗುರುತು ಹಿಡಿಯಲಿಲ್ಲ.

ಗೌಡರು ಆಸ್ಪತ್ರೆಯಲ್ಲಿದ್ದಾಗ ಅವರ ಮೊಮ್ಮಗಳು, ನಮ್ಮ ಏಳನೆಯ ತರಗತಿಯ ಹುಡುಗಿ, ಆ ಗಡಿಯಾರವನ್ನು ಶಾಲೆಗೆ ತಂದಳು. ಅಳತೆಯ ಉಪಕರಣವನ್ನು ನಂಬುವ ಮೊದಲು ಅದನ್ನೇ ಅಳೆಯಬೇಕೆಂದು ನಮ್ಮ ತರಬೇತಿಯ ದಿನಗಳಲ್ಲಿ ಗುರುಗಳು ಹೇಳುತ್ತಿದ್ದುದು ನೆನಪಾಯಿತು. ಮಕ್ಕಳಿಗೆ ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹಿಡಿಯುವುದನ್ನು ಕಲಿಸಿದೆವು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದರಾಯಿತು. ಕುಳಿತಿದ್ದಾಗ ಕೈಯೆಣಿಕೆಗೆ 82, ಗಡಿಯಾರಕ್ಕೆ 84. ಭೇಷ್ ಎಂದೆವು. ಅಂಗಳವನ್ನು ಮೂರು ಸುತ್ತು ಓಡಿ ಬಂದ ಹುಡುಗನಿಗೆ ಕೈಯೆಣಿಕೆ 132, ಗಡಿಯಾರ 96. ಸ್ವಲ್ಪ ಹೊತ್ತಿನ ಮೇಲೆ ಅದು ಏದುಸಿರು ಬಿಡುತ್ತ ಬಂದು ಸೇರಿತು. ಕಡೆಗೆ ಒಬ್ಬ ತುಂಟ ಅದನ್ನು ಊಟದ ಕೋಣೆಯಲ್ಲಿದ್ದ ಬಾಳೆಕಾಯಿಗೆ ಕಟ್ಟಿದನು. ಬಾಳೆಕಾಯಿಯ ನಾಡಿ 71! ತರಗತಿಯ ನಗೆ ಅಡಗಲು ಕಾಲು ಗಂಟೆ ಹಿಡಿಯಿತು. ಆರೋಗ್ಯವಂತ ಬಾಳೆಕಾಯಿ, ಒಪ್ಪಬೇಕಾದ ಮಾತೇ.

ಇದರ ಗುಟ್ಟು ಸರಳ. ಗಡಿಯಾರದ ಬೆನ್ನಿನಲ್ಲಿ ಮಿನುಗುವ ಹಸಿರು ದೀಪವನ್ನು ನೀವೂ ಕಂಡಿರಬಹುದು. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಮಿಡಿತಕ್ಕೂ ಚರ್ಮದ ಕೆಳಗಿನ ಸಣ್ಣ ನಾಳಗಳಲ್ಲಿ ರಕ್ತ ತುಂಬಿ ಇಳಿಯುವಾಗ, ಹಿಂದಕ್ಕೆ ಮರಳುವ ಬೆಳಕು ಕುಗ್ಗಿ ಹಿಗ್ಗುತ್ತದೆ. ಗಡಿಯಾರ ಎಣಿಸುವುದು ಹೃದಯವನ್ನಲ್ಲ, ಈ ಬೆಳಕಿನ ಅಲೆಯನ್ನು. ಕೈ ಅಲುಗಿದರೆ, ಪಟ್ಟಿ ಸಡಿಲವಾದರೆ, ಚಳಿಗೆ ಚರ್ಮದ ರಕ್ತ ಒಳಸೇರಿದರೆ ಅಲೆ ಕಲಕುತ್ತದೆ. ಅಲೆಯೇ ಇಲ್ಲದ ಕಡೆಯೂ ಅದರೊಳಗಿನ ಲೆಕ್ಕಾಚಾರ ಏನಾದರೊಂದು ತಾಳವನ್ನು ಹುಡುಕಿ ಅಂಕಿ ಮಾಡಿ ತೋರಿಸಬಹುದು. 1707ರಲ್ಲಿ ಇಂಗ್ಲೆಂಡಿನ ಜಾನ್ ಫ್ಲಾಯರ್ ಎಂಬ ವೈದ್ಯರು ನಾಡಿಯೆಣಿಸಲೆಂದೇ ಒಂದು ನಿಮಿಷ ಓಡಿ ನಿಲ್ಲುವ ಗಡಿಯಾರವನ್ನು ಬಳಕೆಗೆ ತಂದರು. ಅಲ್ಲಿ ಗಡಿಯಾರ ಹೊತ್ತನ್ನಷ್ಟೇ ಹೇಳುತ್ತಿತ್ತು. ನಾಡಿಯ ಮೇಲೆ ಮನುಷ್ಯನ ಬೆರಳಿತ್ತು.

ನಮ್ಮ ಬಾಳೆಕಾಯಿ ಪರೀಕ್ಷೆಯನ್ನೇ ಪ್ರಮಾಣವೆಂದು ಮುಂದಿಡುವುದಿಲ್ಲ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 60 ಜನರ ಕೈಗೆ ಏಳು ಬಗೆಯ ಉಪಕರಣಗಳನ್ನು ಕಟ್ಟಿ ಪರೀಕ್ಷಿಸಿದರು. ಆರು ಉಪಕರಣಗಳು ನಾಡಿಯನ್ನು ನೂರಕ್ಕೆ 5ರೊಳಗಿನ ತಪ್ಪಿನಲ್ಲಿ ಹೇಳಿದವು. ಮೆಚ್ಚತಕ್ಕದ್ದೇ. ಆದರೆ ದೇಹ ಖರ್ಚುಮಾಡಿದ ಶಕ್ತಿಯ ಲೆಕ್ಕದಲ್ಲಿ ಅತ್ಯುತ್ತಮವಾದುದೇ ನೂರಕ್ಕೆ 27ರಷ್ಟು ತಪ್ಪಿತು, ಕಡೆಯದು 93ರಷ್ಟು. ಒಂದೇ ಯಂತ್ರದ ಒಂದು ಅಂಕಿ ನಂಬಲರ್ಹ, ಅದರ ಪಕ್ಕದ ಅಂಕಿ ಅಲ್ಲ. ಎರಡೂ ಒಂದೇ ಗಾತ್ರದ ಅಕ್ಷರದಲ್ಲಿ ಹೊಳೆಯುತ್ತವೆ.

ಲಯ ತಪ್ಪಿದ ಮಿಡಿತವನ್ನು ಎಚ್ಚರಿಸುವುದರಲ್ಲಿ ಈ ಯಂತ್ರಗಳಿಂದ ಉಪಕಾರವಾಗಿದೆ. 2019ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಆಪಲ್ ಗಡಿಯಾರ ಧರಿಸಿದ 4,19,297 ಜನರ ಪೈಕಿ 2,161 ಮಂದಿಗೆ ಎಚ್ಚರಿಕೆ ಬಂದಿತು. ಅವರಲ್ಲಿ ಎದೆಗೆ ಅಂಟಿಸುವ ಇ.ಸಿ.ಜಿ. ಪಟ್ಟಿಯನ್ನು ಧರಿಸಿ ಹಿಂದಿರುಗಿಸಿದ 450 ಜನರಲ್ಲಿ ನೂರಕ್ಕೆ 34 ಮಂದಿಗೆ ಹೃದಯದ ಮೇಲಿನ ಕೋಣೆಗಳು ನಡುಗುವ ರೋಗ ಕಂಡುಬಂದಿತು. ಆ ರೋಗ ಬಂದು ಹೋಗುವಂಥದಾದ್ದರಿಂದ ಉಳಿದವರ ಎಚ್ಚರಿಕೆಯೆಲ್ಲ ಹುಸಿಯೆನ್ನಲಾಗದು. ಗಡಿಯಾರ ಕೂಗಿದರೆ ವೈದ್ಯರಲ್ಲಿಗೆ ಹೋಗಿ. ಅದು ಸುಮ್ಮನಿದೆಯೆಂದು ಹೋಗದೆ ಉಳಿಯಬೇಡಿ.

ಆಮ್ಲಜನಕದ ಅಂಕಿಯ ಬಗ್ಗೆ ನಮ್ಮಂಥ ಕಪ್ಪುಮೈಯವರು ತಿಳಿದಿರಬೇಕಾದ ಸಂಗತಿಯೊಂದಿದೆ. ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸುವ ಉಪಕರಣದ ಮೇಲೆಯೇ 2020ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರು ವರದಿ ಕೊಟ್ಟರು. ಅಂಕಿ 92ರಿಂದ 96ರವರೆಗೆ ಚೆನ್ನಾಗಿ ತೋರುತ್ತಿದ್ದಾಗಲೂ ರಕ್ತದಲ್ಲಿ ಆಮ್ಲಜನಕ ಅಪಾಯದ ಮಟ್ಟಕ್ಕೆ ಇಳಿದಿದ್ದ ಪ್ರಸಂಗಗಳು ಕಪ್ಪುವರ್ಣದ ರೋಗಿಗಳಲ್ಲಿ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಕಂಡುಬಂದಿದ್ದವು. ಬೆರಳಿನ ಉಪಕರಣದ ಪಾಡು ಹೀಗಿರುವಾಗ ಮಣಿಕಟ್ಟಿನದನ್ನು ಎಷ್ಟು ನಂಬಬಹುದು? ಇನ್ನು ಚುಚ್ಚದೆಯೇ ಸಕ್ಕರೆ ಅಳೆಯುತ್ತದೆಂದು ಹೇಳಿ ಮಾರುವ ಗಡಿಯಾರಗಳನ್ನು ಬಳಸಬೇಡಿರೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತು. ಅಂಥ ಅಂಕಿಯನ್ನು ನಂಬಿ ಇನ್ಸುಲಿನ್ ಹಾಕಿಕೊಂಡರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ.

ವೆಳ್ಳಿಯಂಗಿರಿಯ ಏಳು ಬೆಟ್ಟಗಳನ್ನು ಹತ್ತುವ ನಮ್ಮ ಯುವಕರಿಗೂ ಒಂದು ಮಾತು. ರಾತ್ರಿಯ ಚಳಿ, ಕೈಯಲ್ಲಿ ಬಿದಿರುಕೋಲು, ಎಡೆಬಿಡದ ಅಲುಗಾಟ: ಹಸಿರು ದೀಪಕ್ಕೆ ಇದಕ್ಕಿಂತ ಕೆಟ್ಟ ಜಾಗವಿಲ್ಲ. 2024ರ ಬೇಸಿಗೆಯಲ್ಲಿ ಆ ಬೆಟ್ಟ ಹತ್ತುವಾಗ ಹಲವರು ಪ್ರಾಣ ಬಿಟ್ಟ ಸುದ್ದಿಯನ್ನು ಓದಿದ್ದೇವೆ. ಏದುಸಿರು ಮಿತಿಮೀರಿದರೆ, ಎದೆ ಬಿಗಿದರೆ ಅಂಕಿ ಏನೇ ಇರಲಿ, ಅಲ್ಲೇ ಕುಳಿತು ಜೊತೆಯವರಿಗೆ ಹೇಳಿ.

ತಮಿಳುನಾಡು ಸರಕಾರ 2023ರಲ್ಲಿ ‘ಇದಯಂ ಕಾಪ್ಪೋಂ’ ಎಂಬ ಯೋಜನೆಯನ್ನು ತಂದಿದೆ. ಎದೆನೋವೆಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮೊದಲ ಮಾತ್ರೆಗಳನ್ನು ಅಲ್ಲಿಯೇ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಏರ್ಪಾಡು ಅದು. ಗೌಡರ ಮನೆಯಿಂದ ಆರೋಗ್ಯ ಕೇಂದ್ರ ಹತ್ತು ನಿಮಿಷದ ದಾರಿ.

ಗೌಡರು ಮನೆಗೆ ಬಂದಿದ್ದಾರೆ. ಗಡಿಯಾರವನ್ನು ಬಿಸುಡಲಿಲ್ಲ, ಮಗ ಕೊಟ್ಟದ್ದು. ಬೆಳಗಾದರೆ ಮೊಮ್ಮಗಳು ಅಜ್ಜನ ಕೈಹಿಡಿದು ನಾಡಿಯೆಣಿಸಿ, ನೋಟುಪುಸ್ತಕದಲ್ಲಿ ತನ್ನ ಎಣಿಕೆಯನ್ನೂ ಗಡಿಯಾರದ ಅಂಕಿಯನ್ನೂ ಬರೆಯುತ್ತಾಳೆ. ಮೂರನೆಯ ಕಲಮನ್ನು ತಾನೇ ಗೆರೆಯೆಳೆದು ಸೇರಿಸಿದ್ದಾಳೆ: ‘ಅಜ್ಜ ಏನು ಹೇಳಿದರು’. ಕಳೆದ ಮಂಗಳವಾರದ ಸಾಲಿನಲ್ಲಿ 74, 75 ಎಂದಿದ್ದು, ಪಕ್ಕದಲ್ಲಿ ‘ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದಂತೆ’ ಎಂದಿತ್ತು. ಅಂದೇ ಅವರನ್ನು ಕೊಯಮತ್ತೂರಿಗೆ ಕರೆದೊಯ್ದೆವು. ವೈದ್ಯರು ಪುಸ್ತಕವನ್ನು ತೆರೆದು ಮೊದಲು ಓದಿದ್ದು ಆ ಮೂರನೆಯ ಕಲಮನ್ನು; ಮಾತ್ರೆಯೊಂದನ್ನು ಬದಲಿಸಿ ಕಳುಹಿಸಿದರು.