ಮರಳು ಎಲ್ಲಿಗೆ ಹೋಯಿತು?

ಪ್ರತಿವರ್ಷವೂ ಆಷಾಢದಲ್ಲಿ ನಮ್ಮ ಪತ್ರಿಕೆಗಳು ಒಂದೇ ಬಗೆಯ ಚಿತ್ರವನ್ನು ಪ್ರಕಟಿಸುತ್ತವೆ: ಬುಡ ಸಡಿಲಿ ಬಿದ್ದ ತೆಂಗಿನಮರ, ಅರ್ಧ ಕುಸಿದ ಮನೆ, ಅದರಾಚೆ ಕೆರಳಿದ ಕಡಲು. ಜೊತೆಗೆ ತಡೆಗೋಡೆ ಬೇಕೆಂಬ ಬೇಡಿಕೆ. ಮಳೆ ನಿಂತೊಡನೆ ಸುದ್ದಿಯೂ ನಿಲ್ಲುತ್ತದೆ. ಮನೆ ಕಳೆದುಕೊಂಡವರ ಸಂಕಟವನ್ನು ಲೋಕಕ್ಕೆ ತಿಳಿಸುವುದು ಪತ್ರಿಕೆಯ ಧರ್ಮವೇ ಸರಿ. ಆದರೆ ಕಾರಣವನ್ನರಿಯದೆ ಪರಿಹಾರವನ್ನು ಸೂಚಿಸುವ ವರದಿಯು ನೆರೆಯೂರಿಗೆ ಅಪಾಯವನ್ನು ತರಬಲ್ಲುದು.

ಕಡಲತೀರದ ಮರಳಿಗೆ ಸದಾ ಸಂಚಾರವುಂಟು. ಮುಂಗಾರಿನ ಅಲೆಗಳು ದಡದ ಮರಳನ್ನು ಕಿತ್ತು ಸಮೀಪದ ಕಡಲತಳದಲ್ಲಿ ದಿಬ್ಬವಾಗಿ ಒಟ್ಟುತ್ತವೆ. ಮಳೆಗಾಲ ಕಳೆದ ಮೇಲೆ ಸೌಮ್ಯವಾದ ಅಲೆಗಳು ಅದರ ಬಹುಪಾಲನ್ನು ದಡಕ್ಕೆ ಮರಳಿಸುತ್ತವೆ. ಓರೆಯಾಗಿ ಬಡಿಯುವ ಅಲೆಗಳು ಮರಳನ್ನು ತೀರದುದ್ದಕ್ಕೂ ಒಯ್ಯುತ್ತವೆ. ನದಿಗಳು ಹೊಸ ಮರಳನ್ನು ತಂದೊಡ್ಡುತ್ತವೆ. ಈ ಸಂಚಾರಕ್ಕೆ ಅಡ್ಡಲಾಗಿ ಬಂದರಿನ ಅಲೆತಡೆಯನ್ನು ಚಾಚಿದರೆ ಒಂದು ಬದಿಯಲ್ಲಿ ಮರಳು ತುಂಬಿ, ಇನ್ನೊಂದು ಬದಿಯ ದಡ ಸವೆಯುತ್ತದೆ. ನದಿಗೆ ಅಣೆಕಟ್ಟು ಕಟ್ಟಿದರೂ, ಅದರ ಮರಳನ್ನು ಮಿತಿಮೀರಿ ತೆಗೆದರೂ ತೀರಕ್ಕೆ ಬರುವ ಪಾಲು ಕುಗ್ಗುತ್ತದೆ. ಕಲ್ಲುಗೋಡೆಯು ತನ್ನ ಹಿಂದಿನ ಮನೆಯನ್ನು ಕೆಲಕಾಲ ಕಾಯಬಹುದು. ಆದರೆ ಅದಕ್ಕೆ ಬಡಿದು ಹಿಂದಿರುಗುವ ಅಲೆ ಗೋಡೆಯ ಮುಂದಿನ ಮರಳನ್ನು ಕೊರೆಯುತ್ತದೆ. ಗೋಡೆ ಮುಗಿದಲ್ಲಿ ಕೊರೆತ ಹೆಚ್ಚುತ್ತದೆ. ಅಲ್ಲಿಯೂ ಮನೆಗಳಿರುತ್ತವೆ.

ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲದಲ್ಲಿ ಕಲ್ಲು ಸುರಿದಷ್ಟಕ್ಕೆ ಕೊರೆತ ನಿಲ್ಲಲಿಲ್ಲ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ, ಅಲೆಯ ರಭಸವನ್ನು ತಗ್ಗಿಸುವ ದಿಬ್ಬಗಳನ್ನು ಕಡಲೊಳಗೇ ನಿರ್ಮಿಸಬೇಕಾಯಿತು. ಇಂಥ ಊರಿಗೆ ಹೋದ ವರದಿಗಾರನು "ಎಷ್ಟು ಮನೆ ಬಿದ್ದವು?" ಎಂದು ಕೇಳಿದ ಬಳಿಕ "ಮರಳು ಎಲ್ಲಿಗೆ ಹೋಯಿತು?" ಎಂದೂ ಕೇಳತಕ್ಕದ್ದು.

ಹಾಗೆ ಕೇಳುವ ಶಕ್ತಿ ಶಿಕ್ಷಣದಿಂದ ಬರಬೇಕು. ಪತ್ರಿಕೋದ್ಯಮದ ವಿದ್ಯಾರ್ಥಿಯನ್ನು ಒಂದೇ ದಡಕ್ಕೆ ಮಾಘದಲ್ಲೊಮ್ಮೆ, ಆಷಾಢದಲ್ಲೊಮ್ಮೆ ಕರೆದೊಯ್ದು, ಗುರುತಿಟ್ಟ ಸ್ಥಳದಿಂದ ಉಬ್ಬರದ ಗೆರೆಯವರೆಗೆ ಅವನಿಂದಲೇ ಅಳೆಯಿಸಬೇಕು. ಕೈರಂಪಣಿ ಎಳೆಯುವವರ ಅನುಭವವನ್ನು ಕೇಳಿ, ಹಳೆಯ ನಕ್ಷೆಗಳೊಡನೆ ಹೋಲಿಸುವುದನ್ನು ಕಲಿಸಬೇಕು. ಕಾನೂನನ್ನೂ ಓದಿಸಬೇಕು. ಕರಾವಳಿ ನಿಯಂತ್ರಣ ವಲಯದ ಮೊದಲ ಅಧಿಸೂಚನೆ ಹೊರಟದ್ದು 1991ರಲ್ಲಿ. 2019ರ ಅಧಿಸೂಚನೆಯು, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಗ್ರಾಮೀಣ ತೀರಗಳಲ್ಲಿ, ನಿರ್ಮಾಣ ನಿಷಿದ್ಧವಾದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಆ ಪಟ್ಟಿಯಲ್ಲಿ ನಾಳೆ ಏಳುವ ಕಟ್ಟಡಗಳೇ ಮುಂದೊಂದು ಆಷಾಢದ ಚಿತ್ರಗಳಾಗಬಹುದು. ಅದನ್ನು ಇಂದೇ ಬರೆಯಬಲ್ಲವನು ನಮಗೆ ಬೇಕು.

ದಿನಪತ್ರಿಕೆಯ ಅವಸರದಲ್ಲಿ ಇದಕ್ಕೆಲ್ಲ ಬಿಡುವೆಲ್ಲಿ ಎಂದು ಕೆಲವರು ಆಕ್ಷೇಪಿಸಬಹುದು. ಆದುದರಿಂದಲೇ ಈ ಅಭ್ಯಾಸವು ಉದ್ಯೋಗಕ್ಕೆ ಮೊದಲು ನಡೆಯಬೇಕೆನ್ನುತ್ತೇವೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮವನ್ನು ಕಲಿಸುತ್ತಾರೆ. ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಲಯದಲ್ಲಿ ಸಾಗರ ಎಂಜಿನಿಯರಿಂಗನ್ನು ಕಲಿಸುತ್ತಾರೆ. ಎರಡೂ ಒಂದೇ ಜಿಲ್ಲೆಯಲ್ಲಿವೆ. ಇಲ್ಲಿಯ ವಿದ್ಯಾರ್ಥಿಗಳು ಅಲ್ಲಿಯವರೊಡನೆ ವರ್ಷಕ್ಕೆರಡು ಬಾರಿ ಕಡಲ ದಡದಲ್ಲಿ ನಿಂತು ಅಳತೆ ಮಾಡುವುದು ದುಬಾರಿಯಾದ ಯೋಜನೆಯೇನೂ ಅಲ್ಲ. ಸುಸ್ಥಿರ ಅಭಿವೃದ್ಧಿಯೆಂಬ ಮಾತು ಓದುಗನಿಗೆ ಅರ್ಥವಾಗಬೇಕಾದರೆ, ಬರೆಯುವವನು ಮೊದಲು ಆ ಮರಳಿನ ಮೇಲೆ ನಡೆದಿರಬೇಕು.