ಚಾಲ್ತಿ ಖಾತೆ ಯಾರಿಗೆ?

ಪೇಟೆಯಲ್ಲಿ ಹತ್ತಡಿ ಅಗಲದ ಮಳಿಗೆ ಹಿಡಿದು, ಕಂಪ್ಯೂಟರ್ ರಿಪೇರಿ, ಅರ್ಜಿ ತುಂಬುವ ಕೆಲಸ, ಪ್ರಿಂಟ್ ಇವುಗಳಿಂದಲೇ ಸಂಸಾರ ಸಾಗಿಸಹೊರಟ ತರುಣರು ಇಂದು ಊರೂರಿನಲ್ಲಿದ್ದಾರೆ. ಗಿರಣಿ ಕೆಲಸಗಾರರ ಮಕ್ಕಳೂ ಇವರಲ್ಲಿದ್ದಾರೆ. ಅಂಗಡಿಯ ಹೆಸರಿನಲ್ಲಿ ಒಂದು ಚಾಲ್ತಿ ಖಾತೆ ಬೇಕೆಂದು ಬ್ಯಾಂಕಿನ ಮೆಟ್ಟಿಲು ಹತ್ತಿದರೆ ಇವರಿಗಾಗುವ ಮರ್ಯಾದೆಯನ್ನು ವ್ಯಾಪಾರಿ ಬಂಧುಗಳಿಗೆ ನಾವು ಬಣ್ಣಿಸಬೇಕಾಗಿಲ್ಲ. ಜಿಎಸ್‌ಟಿ ಪತ್ರವೆಲ್ಲಿ? ಬಾಡಿಗೆ ಕರಾರು ಎಲ್ಲಿ? ಅಂಗಡಿಯ ಹೆಸರಿನ ವಿದ್ಯುತ್ ಬಿಲ್ಲು ಎಲ್ಲಿ? ಮೀಟರು ಮಳಿಗೆಯ ಯಜಮಾನರ ಹೆಸರಿನಲ್ಲಿದೆ. ಯಜಮಾನರೋ, ಮುಂಗಡ ಎಣಿಸಿಕೊಳ್ಳುತ್ತಾರೆ, ಕರಾರಿಗೆ ಸಹಿ ಹಾಕುವುದಿಲ್ಲ. 'ಮುಂದಿನ ವಾರ ಬನ್ನಿ' ಎಂಬ ಮಾತಿನಲ್ಲೇ ತಿಂಗಳು ಕಳೆಯುತ್ತದೆ.

ರಿಸರ್ವ್ ಬ್ಯಾಂಕಿನ ನಿಯಮವೇ ಇಷ್ಟು ಕಠಿಣವೆಂದು ನಂಬಿ ಜನ ಹಿಂತಿರುಗುತ್ತಾರೆ. ನಿಯಮ ಹೇಳುವುದು ಬೇರೆ. ಒಬ್ಬನೇ ಮಾಲೀಕನಿರುವ ಅಂಗಡಿಗೆ, ಆತನ ಸ್ವಂತ ಗುರುತಿನ ದಾಖಲೆಗಳ ಜೊತೆಗೆ, ಕಸುಬಿನ ಪುರಾವೆಯಾಗಿ ಎರಡು ಪತ್ರ ಸಾಕು. ಉದ್ಯಮ್ ನೋಂದಣಿ ಪತ್ರ, ಪುರಸಭೆಯ ಪರವಾನಗಿ, ಜಿಎಸ್‌ಟಿ ಪತ್ರ, ಆದಾಯ ತೆರಿಗೆ ವಿವರಪಟ್ಟಿ, ಅಂಗಡಿ ಹೆಸರಿನ ವಿದ್ಯುತ್ ಬಿಲ್ಲು ಮುಂತಾದವುಗಳಲ್ಲಿ ಯಾವ ಎರಡಾದರೂ ಸರಿ. ಎರಡನ್ನು ಒದಗಿಸಲು ಸಾಧ್ಯವೇ ಇಲ್ಲವೆಂದು ಮನವರಿಕೆಯಾದರೆ, ಬ್ಯಾಂಕಿನವರು ಸ್ಥಳಕ್ಕೆ ಬಂದು ವಿಚಾರಿಸಿ ಒಂದರಿಂದಲೇ ಖಾತೆ ತೆರೆಯಬಹುದು. ಉದ್ಯಮ್ ನೋಂದಣಿಗೆ ಸರ್ಕಾರ ಕಾಸನ್ನೂ ಕೇಳುವುದಿಲ್ಲ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದ ಸೇವಾ ಕಸುಬಿಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಅಗತ್ಯವೇ ಇಲ್ಲ. ಇರಬೇಕಾಗಿಲ್ಲದ ಪತ್ರವನ್ನು ತಾ ಎನ್ನುವುದು ಯಾವ ನ್ಯಾಯ? ಸ್ಥಳಕ್ಕೆ ಬಂದು ನೋಡುವ ಶ್ರಮ ಅಧಿಕಾರಿಗೆ ಬೇಡವಾಗಿದೆ, ಅಷ್ಟೆ.

ಉಳಿತಾಯ ಖಾತೆಯಲ್ಲೇ ವ್ಯವಹಾರ ನಡೆಸಲಿ ಎಂದು ಉಪದೇಶಿಸುವ ಮಹನೀಯರೂ ಇದ್ದಾರೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳನ್ನು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದಾಗ, ಕೈಗಡವಾಗಿ ಬಂದದ್ದು ಯಾವುದು, ಮನೆಯವರು ಕಳಿಸಿದ್ದು ಯಾವುದು, ವ್ಯಾಪಾರದ್ದು ಯಾವುದು ಎಂದು ಬಿಡಿಸಿ ತೋರಿಸಲು ಎಷ್ಟೋ ಜನ ಪರದಾಡಿದರು. ಯುಪಿಐ ಫಲಕವನ್ನೇ ಕಿತ್ತು ನಗದು ಮಾತ್ರ ಎಂದು ಬರೆದು ಹಾಕಿದ ಅಂಗಡಿಗಳನ್ನು ಬೆಂಗಳೂರು ಕಂಡಿತು. ಲೆಕ್ಕ ಚೊಕ್ಕಟವಾಗಿಡು ಎಂದು ಒಂದು ಕಚೇರಿ ಗದರಿಸುತ್ತದೆ, ಚೊಕ್ಕಟವಾಗಿಡಲು ಬೇಕಾದ ಖಾತೆಯನ್ನು ಇನ್ನೊಂದು ಕಚೇರಿ ನಿರಾಕರಿಸುತ್ತದೆ!

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರದ ಸ್ವತ್ತಾದವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಎರಡೂ ಅವುಗಳಲ್ಲಿದ್ದವು. ಸಣ್ಣ ಕಸುಬಿನವರಿಗೂ ಬ್ಯಾಂಕು ಎಟುಕಬೇಕೆಂಬುದು ಅಂದು ಕೊಟ್ಟ ಕಾರಣಗಳಲ್ಲೊಂದು.

ನಿಯಮದ ಪಟ್ಟಿಯನ್ನು ಪ್ರತಿ ಶಾಖೆಯೂ ಕನ್ನಡದಲ್ಲಿ ಗೋಡೆಗೆ ಹಾಕಲಿ ಎಂದು ನಾವು ಒತ್ತಾಯಿಸುತ್ತೇವೆ. ಓದುಗರು ಬಾಯಿಮಾತಿನ ನಿರಾಕರಣೆಯನ್ನು ಒಪ್ಪದಿರಲಿ. ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಲಿ, ಕಾರಣವನ್ನು ಬರವಣಿಗೆಯಲ್ಲಿ ಕೇಳಲಿ. ಬ್ಯಾಂಕಿಗೆ ದೂರಿತ್ತು 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಅರ್ಜಿ ಬರೆಯುವುದು ಕಷ್ಟವಾದವರು ನಮ್ಮ ಕಚೇರಿಗೆ ಸಂಜೆ ಬರಲಿ, ಕೂತು ಬರೆಯೋಣ.